ಬ್ರೇಕರ್‌ನ ಮುಖದ ಮೇಲೆ ಬರೆದಿರುವುದು: ಹತ್ತು ತಿಂಗಳ ಬಳಕೆಯ ನಂತರ ಒಂದು ಆರ್‌ಸಿಬಿಒ ವಿಮರ್ಶೆ

ನಮ್ಮ ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇತ್ತು. ಎಲ್ಲೇ ಸ್ವಲ್ಪ ವಿದ್ಯುತ್ ಸೋರಿದರೂ ಮನೆಯೆಲ್ಲ ಕತ್ತಲಾಗುತ್ತಿತ್ತು. ಯಾವ ಉಪಕರಣದಿಂದ ಹಾಗಾಯಿತೆಂದು ತಿಳಿಯಲು ಒಂದೊಂದೇ ಪ್ಲಗ್ ಕಿತ್ತು ನೋಡಬೇಕಾಗುತ್ತಿತ್ತು. ಹತ್ತು ತಿಂಗಳ ಹಿಂದೆ ಅದನ್ನು ತೆಗೆಸಿ, ಪ್ರತಿ ಸರ್ಕ್ಯೂಟಿಗೂ ಒಂದರಂತೆ ಆರು ಆರ್‌ಸಿಬಿಒಗಳನ್ನು ಹಾಕಿಸಿದೆ. ಸೋರಿಕೆಯನ್ನು ಹಿಡಿಯುವ ಆರ್‌ಸಿಸಿಬಿಯ ಕೆಲಸವನ್ನೂ ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟನ್ನು ಹಿಡಿಯುವ ಎಂಸಿಬಿಯ ಕೆಲಸವನ್ನೂ ಒಂದೇ ಕವಚದೊಳಗೆ ಮಾಡುವ ಬ್ರೇಕರ್ ಇದು. ದೀಪಗಳ ಸರ್ಕ್ಯೂಟಿಗೆ ಹಾಕಿರುವ ಎರಡು 6 ಆಂಪಿಯರ್‌ನವು. ಸಾಕೆಟ್‌ಗಳಿಗೆ ಹಾಕಿರುವ ನಾಲ್ಕು 16 ಆಂಪಿಯರ್‌ನವು. ಈ ವಿಮರ್ಶೆ ಆ ನಾಲ್ಕನ್ನು ಕುರಿತದ್ದು. ತಯಾರಕರ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಇವೇ ಗುರುತುಗಳಿರುವ ಯಾವ ಕಂಪನಿಯ ಬ್ರೇಕರ್‌ಗೂ ಇಲ್ಲಿನ ಬಹುತೇಕ ಮಾತು ಅನ್ವಯಿಸುತ್ತದೆ.

ಬ್ರೇಕರ್‌ನ ಮುಖ ಎರಡು ಬೆರಳಿನಷ್ಟು ಅಗಲ. ಅದರ ಮೇಲೆ ಸಿ16, 30 ಮಿಲಿಆಂಪಿಯರ್, ಆಯತದೊಳಗೆ 6000, ಚೌಕದೊಳಗೆ ಒಂದು ಅಲೆ ಮತ್ತು ಅದರ ಕೆಳಗೆ ಅರ್ಧ ಅಲೆಗಳ ಚಿತ್ರ, 4 ಕಿಲೋವೋಲ್ಟ್, ಐಇಸಿ 61009 ಎಂದೆಲ್ಲ ಮುದ್ರಿಸಿದ್ದಾರೆ. ಐಇಸಿ ಎಂಬುದು ವಿದ್ಯುತ್ತಿಗೆ ಸಂಬಂಧಿಸಿದ ಮಾನಕಗಳನ್ನು ಬರೆಯುವ ಅಂತರರಾಷ್ಟ್ರೀಯ ಸಂಸ್ಥೆ, 61009 ಎಂಬುದು ಆರ್‌ಸಿಬಿಒಗಳ ಮಾನಕ. ಪಕ್ಕದಲ್ಲಿ ಟಿ ಎಂಬ ಅಕ್ಷರವಿರುವ ಟೆಸ್ಟ್ ಬಟನ್ ಇದೆ. ಕೊಳ್ಳುವಾಗ ಆಂಪಿಯರ್ ಒಂದನ್ನು ನೋಡಿ ಉಳಿದುದನ್ನು ಬಿಟ್ಟುಬಿಡುವುದು ವಾಡಿಕೆ. ಆದರೆ ಇವುಗಳಲ್ಲಿ ಒಂದೂ ತಯಾರಕರು ತಮ್ಮಷ್ಟಕ್ಕೆ ಆರಿಸಿಕೊಂಡ ಅಂಕಿಯಲ್ಲ. ಕಟ್ಟಡದ ವೈರಿಂಗ್ ಹೇಗಿರಬೇಕೆಂದು ಹೇಳುವ ಸುರಕ್ಷತಾ ಸಂಹಿತೆ ಒಂದು ಕಡೆ, ಕಾರ್ಖಾನೆಯಲ್ಲಿ ಉಪಕರಣ ಹೇಗೆ ತಯಾರಾಗಿ ಯಾವ ಪರೀಕ್ಷೆಗಳಲ್ಲಿ ಗೆಲ್ಲಬೇಕೆಂದು ಹೇಳುವ ಉತ್ಪನ್ನ ಮಾನಕ ಇನ್ನೊಂದು ಕಡೆ. ಮೊದಲನೆಯದು ಎಲೆಕ್ಟ್ರಿಷಿಯನ್ನನ್ನು ಉದ್ದೇಶಿಸಿ ಬರೆದದ್ದು, ಎರಡನೆಯದು ತಯಾರಕನನ್ನು. ಸಂಹಿತೆ ಒಂದು ಅಪಾಯವನ್ನು ಹೆಸರಿಸಿ ಅದಕ್ಕೆ ಮಿತಿ ಗೊತ್ತುಮಾಡುತ್ತದೆ. ಆ ಮಿತಿಯನ್ನು ಮುಟ್ಟುವ ವಸ್ತು ಹೇಗಿರಬೇಕೆಂಬುದನ್ನು ಮಾನಕ ವಿವರಿಸುತ್ತದೆ. ಬ್ರೇಕರ್‌ನ ಮುಖದ ಮೇಲಿರುವುದು ಇವೆರಡರ ನಡುವಿನ ಒಪ್ಪಂದದ ಬರಹವೆಂದೇ ನಾನು ತಿಳಿದಿದ್ದೇನೆ, ಮತ್ತು ಈ ಬ್ರೇಕರನ್ನು ಅಳೆಯುವ ಸರಿಯಾದ ದಾರಿಯೂ ಆ ಬರಹವನ್ನು ಓದುವುದೇ ಆಗಿದೆ.

16 ಎಂಬ ಅಂಕಿಯಿಂದಲೇ ಆರಂಭಿಸಬಹುದು. ವೈರಿಂಗ್‌ಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಸಂಹಿತೆಯಾದ ಐಇಸಿ 60364 ಎರಡು ಷರತ್ತುಗಳನ್ನು ಒಡ್ಡುತ್ತದೆ. ಬ್ರೇಕರ್‌ನ ಆಂಪಿಯರ್ ತಂತಿ ಸತತವಾಗಿ ತಾಳಬಲ್ಲ ಪ್ರವಾಹಕ್ಕಿಂತ ಹೆಚ್ಚಿರಬಾರದು. ಬ್ರೇಕರನ್ನು ಖಚಿತವಾಗಿ ಬೀಳಿಸುವ, ಅಂದರೆ ಟ್ರಿಪ್ ಮಾಡುವ ಪ್ರವಾಹ ತಂತಿಯ ಸಾಮರ್ಥ್ಯದ 1.45 ಪಟ್ಟನ್ನು ಮೀರಬಾರದು. ಎರಡನೆಯ ಷರತ್ತನ್ನು ಪ್ರತಿ ಮನೆಯಲ್ಲೂ ಲೆಕ್ಕ ಹಾಕಿ ಪರಿಶೀಲಿಸುವುದು ಯಾವ ಎಲೆಕ್ಟ್ರಿಷಿಯನ್ನಿಗೂ ಆಗುವ ಕೆಲಸವಲ್ಲ. ಆದ್ದರಿಂದ ಮಾನಕವೇ ಆ ಹೊರೆಯನ್ನು ಕಾರ್ಖಾನೆಯ ಮೇಲೆ ಹೊರಿಸಿತು: ಇಂಥ ಬ್ರೇಕರ್ ತನ್ನ ಆಂಪಿಯರ್‌ನ 1.13 ಪಟ್ಟಿಗೆ ಒಂದು ಗಂಟೆಯವರೆಗೆ ಬೀಳಬಾರದು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು. ನನ್ನ ಬ್ರೇಕರ್‌ಗೆ ಆ ಎರಡು ಗೆರೆಗಳು ಸುಮಾರು 18 ಮತ್ತು 23 ಆಂಪಿಯರ್. ಒಂದೇ 1.45 ಸಂಹಿತೆಯಲ್ಲೂ ಮಾನಕದಲ್ಲೂ ಇರುವುದು ಕಾಕತಾಳೀಯವಲ್ಲ. ತಂತಿಗೆ ತಕ್ಕ ಅಂಕಿಯ ಬ್ರೇಕರ್ ಆರಿಸಿದರೆ ಸಾಕು, ಎರಡನೆಯ ಷರತ್ತು ತಾನಾಗಿ ಈಡೇರುತ್ತದೆ. ಇಷ್ಟು ಅಚ್ಚುಕಟ್ಟಾದ ಹೊಂದಾಣಿಕೆ ಎಲ್ಲ ಕಡೆಯೂ ಇಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

30 ಮಿಲಿಆಂಪಿಯರ್‌ನ ಹಿನ್ನೆಲೆ ಇನ್ನೂ ಗಂಭೀರವಾದದ್ದು. ಮನುಷ್ಯನ ದೇಹದ ಮೇಲೆ ವಿದ್ಯುತ್ತಿನ ಪರಿಣಾಮವನ್ನು ಐಇಸಿ 60479 ವಿವರಿಸುತ್ತದೆ. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಹಿಡಿದ ತಂತಿಯನ್ನು ಬಿಡಲಾಗದಂತೆ ಸ್ನಾಯುಗಳು ಬಿಗಿದುಕೊಳ್ಳಬಹುದು. ಹಲವು ಸೆಕೆಂಡು ಹರಿದರೆ ಹೃದಯದ ಬಡಿತವನ್ನೇ ಕೆಡಿಸುವ ಅಪಾಯ ಸುಮಾರು 40 ಮಿಲಿಆಂಪಿಯರ್‌ನಿಂದ ಆರಂಭವಾಗುತ್ತದೆ. ಬ್ರೇಕರ್ ದೇಹದಲ್ಲಿ ಹರಿಯುವ ಪ್ರವಾಹವನ್ನು ತಗ್ಗಿಸುವುದಿಲ್ಲ, ಅದು ಹರಿಯುವ ಹೊತ್ತನ್ನು ಮಾತ್ರ ಕತ್ತರಿಸುತ್ತದೆ. ಈ ಮಾತನ್ನು ಕೊಳ್ಳುವವರೆಲ್ಲರೂ ಅರಿತಿರಬೇಕು. ಆರ್‌ಸಿಬಿಒ ಇದ್ದರೆ ಶಾಕ್ ಹೊಡೆಯುವುದೇ ಇಲ್ಲವೆಂದು ನಂಬಿದವರನ್ನು ನಾನು ಕಂಡಿದ್ದೇನೆ. ಆದ್ದರಿಂದಲೇ ಮಾನಕ ಸಮಯವನ್ನು ಕಟ್ಟುನಿಟ್ಟಾಗಿ ಗೊತ್ತುಮಾಡಿದೆ: 30 ಮಿಲಿಆಂಪಿಯರ್‌ಗೆ 300 ಮಿಲಿಸೆಕೆಂಡ್, ಅದರ ಎರಡು ಪಟ್ಟಿಗೆ 150, ಐದು ಪಟ್ಟಿಗೆ 40. ಇದರ ಜೊತೆಗೆ, 15 ಮಿಲಿಆಂಪಿಯರ್‌ವರೆಗೆ ಬ್ರೇಕರ್ ಬೀಳಲೇಬಾರದು ಎಂಬ ಕಟ್ಟಳೆಯೂ ಇದೆ, ಏಕೆಂದರೆ ಕಾರಣವಿಲ್ಲದೆ ಪದೇ ಪದೇ ಬೀಳುವ ಬ್ರೇಕರನ್ನು ಜನ ಕಡೆಗೊಮ್ಮೆ ಕಿತ್ತೇಹಾಕುತ್ತಾರೆ. ಸೋರಿಕೆ ಹಿಡಿಯುವ ಇಂಥ ಸಾಧನಗಳಿಗೆಲ್ಲ ಆರ್‌ಸಿಡಿ ಎಂಬ ಒಟ್ಟು ಹೆಸರಿದೆ; ನನ್ನ ನಾಲ್ಕನ್ನೂ ಎಲೆಕ್ಟ್ರಿಷಿಯನ್ ಆರ್‌ಸಿಡಿ ಟೆಸ್ಟರ್‌ನಿಂದ ಪರೀಕ್ಷಿಸಿದರು. 21ರಿಂದ 24 ಮಿಲಿಆಂಪಿಯರ್‌ಗಳ ನಡುವೆ ಅವು ಬಿದ್ದವು. 30 ಮಿಲಿಆಂಪಿಯರ್‌ಗೆ ತೆಗೆದುಕೊಂಡ ಹೊತ್ತು ಒಂದರಲ್ಲೂ 30 ಮಿಲಿಸೆಕೆಂಡ್ ದಾಟಲಿಲ್ಲ. ಮಾನಕದ ಮಿತಿಗಿಂತ ಎಷ್ಟೋ ಚುರುಕು. ಈ ವಿಷಯದಲ್ಲಿ ತಯಾರಕರಿಗೆ ಪೂರ್ಣ ಅಂಕ ಕೊಡುತ್ತೇನೆ.

ಅಪಾಯ ಒಂದೇ ಆದರೂ ಸಂಹಿತೆ ಬೇರೆಯಾದರೆ ವಸ್ತುವೇ ಬೇರೆಯಾಗುತ್ತದೆ. ಅಮೆರಿಕದಲ್ಲಿ, ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲ್ ಅವರು ಎಷ್ಟು ಪ್ರವಾಹದವರೆಗೆ ಮನುಷ್ಯ ಕೈ ಬಿಡಿಸಿಕೊಳ್ಳಬಲ್ಲ ಎಂಬುದನ್ನು ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ ಅಳೆದರು, ಮತ್ತು 1960ರ ದಶಕದ ಆರಂಭದಲ್ಲಿ ಸೋರಿಕೆ ಹಿಡಿಯುವ ಜಿಎಫ್‌ಸಿಐ ಎಂಬ ಸಾಧನವನ್ನು ರೂಪಿಸಿದರು. ಅಲ್ಲಿನ ಮಾನಕವಾದ ಯುಎಲ್ 943 ಪ್ರಕಾರ ಅದು 4 ಮಿಲಿಆಂಪಿಯರ್‌ಗಿಂತ ಕಡಿಮೆಗೆ ಬೀಳಬಾರದು, 6ಕ್ಕೆ ಬೀಳಲೇಬೇಕು. ಅಲ್ಲಿನ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಈ ರಕ್ಷಣೆಯನ್ನು ಒಮ್ಮೆಗೇ ಇಡೀ ಮನೆಗೆ ಕೇಳಲಿಲ್ಲ. ಮೊದಲು ಈಜುಕೊಳ, 1975ರಲ್ಲಿ ಸ್ನಾನದ ಮನೆ, 1987ರಲ್ಲಿ ಅಡುಗೆಮನೆಯ ಸಿಂಕಿನ ಆಸುಪಾಸು, ಹೀಗೆ ಒಂದೊಂದೇ ಜಾಗವನ್ನು ಸೇರಿಸುತ್ತ ಬಂತು. ಜಾಗಕ್ಕೊಂದು ರಕ್ಷಣೆ ಎಂಬ ಆ ಕ್ರಮದಿಂದಾಗಿ ಸಾಧನವು ಸಾಕೆಟ್ಟಿನೊಳಗೇ ಕೂರುವಷ್ಟು ಚಿಕ್ಕದಾಯಿತು. ಐಇಸಿಯ ದಾರಿ ಹಿಡಿದ ದೇಶಗಳಲ್ಲಿ ಇಡೀ ಸರ್ಕ್ಯೂಟನ್ನು ಬೋರ್ಡಿನಲ್ಲೇ ಕಾಯುವ ಪದ್ಧತಿ ಬೇರೂರಿತು; ಸರ್ಕ್ಯೂಟಿನ ಎಲ್ಲ ಉಪಕರಣಗಳ ಸಹಜ ಸೋರಿಕೆಯನ್ನು ತಾಳಿಕೊಳ್ಳಬೇಕಾದ್ದರಿಂದ ಮಿತಿಯನ್ನು 30ರಲ್ಲಿ ಇಡಬೇಕಾಯಿತು.

ಸಹಜ ಸೋರಿಕೆ ಎಂಬ ಈ ವಿಷಯವೇ ನನ್ನ ಹಳೆಯ ತೊಂದರೆಯ ಮೂಲವಾಗಿತ್ತು. ಕೆಟ್ಟಿರದ ಉಪಕರಣವೂ ಅರ್ಥ್ ತಂತಿಯ ಮೂಲಕ ಒಂದಿಷ್ಟು ವಿದ್ಯುತ್ತನ್ನು ಬಿಡುತ್ತದೆ. ರೇಡಿಯೊ ಅಲೆಗಳ ತಂಟೆಯನ್ನು ತಡೆಯಲು ಅದರೊಳಗೆ ಇಡುವ ಕೆಪಾಸಿಟರ್‌ಗಳು ಇದಕ್ಕೆ ಮುಖ್ಯ ಕಾರಣ. ಗೃಹೋಪಯೋಗಿ ಉಪಕರಣಗಳ ಮಾನಕವಾದ ಐಇಸಿ 60335, ಅರ್ಥ್ ಇರುವ ಸಣ್ಣ ಉಪಕರಣಕ್ಕೆ 0.75 ಮಿಲಿಆಂಪಿಯರ್, ಒಂದೆಡೆ ನಿಲ್ಲುವ ಮೋಟರ್ ಉಪಕರಣಕ್ಕೆ 3.5 ಮಿಲಿಆಂಪಿಯರ್ ಸೋರಿಕೆಯನ್ನು ಒಪ್ಪುತ್ತದೆ. ಇನ್ನೊಂದು ಕಡೆ ವೈರಿಂಗ್ ಸಂಹಿತೆ, ಒಂದು ಆರ್‌ಸಿಡಿಯ ಕೆಳಗಿನ ಎಲ್ಲ ಉಪಕರಣಗಳ ಸಹಜ ಸೋರಿಕೆ ಸೇರಿ ಅದರ ಮಿತಿಯ ಶೇಕಡ 30ನ್ನು ಮೀರಬಾರದು ಎನ್ನುತ್ತದೆ. 30 ಮಿಲಿಆಂಪಿಯರ್‌ನಲ್ಲಿ ಅದು 9. ಮಾನಕದ ಮಿತಿಯಲ್ಲೇ ಇರುವ ಮೂರು ದೊಡ್ಡ ಉಪಕರಣಗಳು ಒಟ್ಟಿಗೆ ಓಡಿದರೆ 10.5 ಆಗಬಹುದು! ಒಂದೊಂದೂ ತನ್ನ ಮಾನಕಕ್ಕೆ ನಿಷ್ಠವಾಗಿದ್ದು ಮೂರೂ ಸೇರಿ ಸಂಹಿತೆಯನ್ನು ಮೀರುವ ಸ್ಥಿತಿ ಇದು. ಹಳೆಯ ಆರ್‌ಸಿಸಿಬಿಯ ಕೆಳಗೆ ಕ್ಲ್ಯಾಂಪ್ ಮೀಟರ್ ಇಟ್ಟಾಗ ನಮ್ಮ ಮನೆಯಲ್ಲಿ 11 ಮಿಲಿಆಂಪಿಯರ್ ಕಂಡಿತ್ತು. ಸರ್ಕ್ಯೂಟ್‌ಗಳನ್ನು ಬೇರ್ಪಡಿಸಿದ ಮೇಲೆ ಯಾವುದರಲ್ಲೂ 4 ದಾಟಿಲ್ಲ. ಒಂದೊಂದು ಸರ್ಕ್ಯೂಟಿಗೆ ಒಂದೊಂದು ಆರ್‌ಸಿಬಿಒ ಎಂಬ ಪದ್ಧತಿಯನ್ನು ಕೆಲವರು ದುಂದು ಎನ್ನುತ್ತಾರೆ. ಈ ಲೆಕ್ಕ ನೋಡಿದ ಮೇಲೆ ಹಾಗೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಳವಡಿಸಿದ ದಿನವೇ ನಾಲ್ಕರಲ್ಲಿ ಒಂದು ನಿಲ್ಲದೆ ಬೀಳುತ್ತಿತ್ತು. ದೋಷ ಬ್ರೇಕರ್‌ನದಲ್ಲ. ಎಂದೋ ಯಾರೋ ಒಂದು ಸ್ವಿಚ್ ಬಾಕ್ಸಿನಲ್ಲಿ ಎರಡು ಸರ್ಕ್ಯೂಟ್‌ಗಳ ನ್ಯೂಟ್ರಲ್ ತಂತಿಗಳನ್ನು ಒಂದುಗೂಡಿಸಿದ್ದರು. ಒಂದರಲ್ಲಿ ಹೋದ ಪ್ರವಾಹ ಇನ್ನೊಂದರಲ್ಲಿ ಮರಳುತ್ತಿದ್ದುದರಿಂದ ಬ್ರೇಕರ್ ಅದನ್ನು ಸೋರಿಕೆಯೆಂದೇ ಎಣಿಸಿತು. ಅದನ್ನು ಬಿಡಿಸಲು ಅರ್ಧ ದಿನ ಹಿಡಿಯಿತು. ಹಳೆಯ ಮನೆಗಳಲ್ಲಿ ಇದನ್ನು ಹಾಕಿಸುವವರು ಆ ಅರ್ಧ ದಿನವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಒಳ್ಳೆಯದು.

ಸಿ ಎಂಬ ಅಕ್ಷರದ ಬಗ್ಗೆ ಪೆಟ್ಟಿಗೆಯೊಳಗಿನ ಕೈಪಿಡಿ ಏನನ್ನೂ ಹೇಳುವುದಿಲ್ಲ. ಇದು ನನ್ನ ಮೊದಲ ಆಕ್ಷೇಪ. ಶಾರ್ಟ್ ಸರ್ಕ್ಯೂಟ್ ಆದಾಗ ಬ್ರೇಕರ್ ಕ್ಷಣದಲ್ಲಿ ಬೀಳಬೇಕಾದರೆ ಬಿ ವರ್ಗದಲ್ಲಿ ಅದರ ಆಂಪಿಯರ್‌ನ 3ರಿಂದ 5 ಪಟ್ಟು, ಸಿ ವರ್ಗದಲ್ಲಿ 5ರಿಂದ 10 ಪಟ್ಟು ಪ್ರವಾಹ ಬೇಕು. ಅರ್ಥಿಂಗ್ ವ್ಯವಸ್ಥೆ ಟಿಎನ್ ಮಾದರಿಯದಾಗಿದ್ದರೆ (ಅಂದರೆ ಮನೆಯ ಅರ್ಥ್ ತಂತಿ ವಿದ್ಯುತ್ ಪೂರೈಕೆಯ ಕಡೆಯ ಅರ್ಥ್‌ಗೆ ತಂತಿಯ ಮೂಲಕವೇ ಸೇರಿದ್ದರೆ), 230 ವೋಲ್ಟ್‌ನ ಸಾಕೆಟ್ ಸರ್ಕ್ಯೂಟ್ 0.4 ಸೆಕೆಂಡಿನೊಳಗೆ ಕಡಿತವಾಗಬೇಕೆಂದು ಸಂಹಿತೆ ಹೇಳುತ್ತದೆ. ಬಿ16ಕ್ಕೆ 80 ಆಂಪಿಯರ್ ಸಾಕು. ಸಿ16ಕ್ಕೆ 160 ಬೇಕು. ತಂತಿ ಉದ್ದವಾದಷ್ಟೂ ಅದರ ತಡೆ ಹೆಚ್ಚಿ ಅಷ್ಟು ಪ್ರವಾಹ ಹರಿಯದೆ ಹೋಗಬಹುದು. ಲೆಕ್ಕದ ಪ್ರಕಾರ ಸಿ16 ಇರುವಲ್ಲಿ ಸರ್ಕ್ಯೂಟಿನ ಒಟ್ಟು ಲೂಪ್ ಇಂಪಿಡೆನ್ಸ್, ಅಂದರೆ ದೋಷದ ಪ್ರವಾಹ ಹೋಗಿ ಮರಳುವ ಇಡೀ ದಾರಿಯ ತಡೆ, ಸುಮಾರು 1.4 ಓಮ್‌ಗಿಂತ ಕಡಿಮೆ ಇರಬೇಕು. ನಮ್ಮ ಮನೆಯ ಅತಿ ದೂರದ ಸಾಕೆಟ್ಟಿನಲ್ಲಿ 0.8 ಓಮ್ ಸಿಕ್ಕಿತು, ತೊಂದರೆಯಿಲ್ಲ. ದೋಷ ಅರ್ಥ್ ಕಡೆಗಾದರೆ 30 ಮಿಲಿಆಂಪಿಯರ್‌ನ ಭಾಗವೇ ಬ್ರೇಕರನ್ನು ಬೀಳಿಸುತ್ತದೆ, ನಿಜ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಶಾರ್ಟ್ ಆದರೆ ಆ ಭಾಗಕ್ಕೆ ಏನೂ ತಿಳಿಯುವುದಿಲ್ಲ. ಈ ಎರಡು ಸಾಲುಗಳನ್ನು ಕೈಪಿಡಿಯಲ್ಲಿ ಮುದ್ರಿಸಲು ಅಡ್ಡಿಯೇನಿತ್ತೋ ತಿಳಿಯದು. ಮನೆಯ ಸಾಮಾನ್ಯ ಸಾಕೆಟ್‌ಗಳಿಗೆ ಬಿ ವರ್ಗವೇ ಸಾಕಾಗುವ ಸಂದರ್ಭಗಳು ಬಹಳ.

ಆಯತದೊಳಗಿನ 6000 ಎಂದರೆ ಅಷ್ಟು ಆಂಪಿಯರ್‌ನ ಶಾರ್ಟ್ ಸರ್ಕ್ಯೂಟನ್ನು ಸಿಡಿಯದೆ ಕತ್ತರಿಸಬಲ್ಲದು ಎಂದರ್ಥ. 4 ಕಿಲೋವೋಲ್ಟ್ ಎಂಬುದು, ನನ್ನ ದೃಷ್ಟಿಯಲ್ಲಿ, ಸಂಹಿತೆ ಮತ್ತು ಮಾನಕಗಳ ಸಂಬಂಧವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವ ಅಂಕಿ. ಸಿಡಿಲಿನಿಂದಲೋ ದೊಡ್ಡ ಯಂತ್ರಗಳನ್ನು ಚಾಲೂ ಮಾಡಿ ನಿಲ್ಲಿಸುವುದರಿಂದಲೋ ಏಳುವ ಕ್ಷಣಿಕ ಅಧಿಕ ವೋಲ್ಟೇಜು ಮನೆಯೊಳಗೆ ಬರುತ್ತ ಬರುತ್ತ ತಗ್ಗುತ್ತದೆ ಎಂದು ಭಾವಿಸಿ, 230/400 ವೋಲ್ಟ್‌ನ ವ್ಯವಸ್ಥೆಯನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದ್ದಾರೆ: ಮೀಟರ್ ಬಳಿ 6 ಕಿಲೋವೋಲ್ಟ್, ಬೋರ್ಡ್ ಮತ್ತು ಸ್ಥಿರ ವೈರಿಂಗ್‌ನಲ್ಲಿ 4, ಪ್ಲಗ್ ಚುಚ್ಚುವ ಉಪಕರಣಗಳಲ್ಲಿ 2.5, ವಿಶೇಷವಾಗಿ ಕಾಪಾಡಿದ ಸೂಕ್ಷ್ಮ ಎಲೆಕ್ಟ್ರಾನಿಕ್ಸ್‌ನಲ್ಲಿ 1.5. ಅಂದರೆ ಒಂದು ವಸ್ತುವಿನ ಒಳಗೆ ಎರಡು ಲೋಹದ ತುಣುಕುಗಳ ನಡುವೆ ಎಷ್ಟು ಮಿಲಿಮೀಟರ್ ಗಾಳಿ ಇರಬೇಕೆಂಬುದು, ಆ ವಸ್ತು ಕಟ್ಟಡದ ಯಾವ ಜಾಗದಲ್ಲಿ ಕೂರುತ್ತದೆ ಎಂಬುದರಿಂದ ತೀರ್ಮಾನವಾಗುತ್ತದೆ. ಉಪಕರಣಗಳಿಗೆಂದು ತಯಾರಾದ ಅಗ್ಗದ ಸ್ವಿಚ್ಚನ್ನು ಬೋರ್ಡಿನಲ್ಲಿ ಕೂರಿಸುವುದು ಏಕೆ ತಪ್ಪೆಂದು ಕೇಳುವವರಿಗೆ ಇದೇ ಉತ್ತರ. ಶಾಕ್‌ನಿಂದ ರಕ್ಷಣೆಯ ಮಟ್ಟಿಗೂ ಹೀಗೆಯೇ: ಐಇಸಿ 61140 ಎಂಬ ಮೂಲ ಮಾನಕ ವೈರಿಂಗಿಗೂ ಉಪಕರಣಕ್ಕೂ ಒಟ್ಟಿಗೇ ಅನ್ವಯಿಸುತ್ತದೆ, ಮತ್ತು ವೈರಿಂಗ್ ಸಂಹಿತೆಯನ್ನು ಬರೆಯುವ ಸಮಿತಿಯೇ ಅದನ್ನೂ ನೋಡಿಕೊಳ್ಳುತ್ತದೆ.

ಚೌಕದೊಳಗಿನ ಚಿತ್ರ ಬ್ರೇಕರ್ ಯಾವ ಬಗೆಯ ಸೋರಿಕೆಯನ್ನು ಹಿಡಿಯಬಲ್ಲದು ಎಂಬುದನ್ನು ಸೂಚಿಸುತ್ತದೆ; ನನ್ನವು ಟೈಪ್ ಎ. ಬರೀ ಅಲೆಯಿದ್ದರೆ ಅದು ಟೈಪ್ ಎಸಿ. ಅಲೆಯ ಕೆಳಗೆ ಅರ್ಧ ಅಲೆಗಳ ಸಾಲೂ ಇದ್ದರೆ ಟೈಪ್ ಎ. ಹಿಂದೆ ಮನೆಗಳಲ್ಲಿ ಬಲ್ಬು, ಹೀಟರ್, ಸರಳ ಮೋಟರ್‌ಗಳೇ ಇದ್ದಾಗ ಟೈಪ್ ಎಸಿ ಸಾಕಾಗುತ್ತಿತ್ತು. ಈಗ ಉಪಕರಣದೊಳಗೆ ಡಯೋಡುಗಳಿವೆ. ದೋಷವಾದಾಗ ಸೋರುವ ಪ್ರವಾಹವೂ ಮಿಡಿಯುವ ಡಿಸಿಯ ರೂಪದಲ್ಲಿರಬಹುದು, ಅದನ್ನು ಟೈಪ್ ಎಸಿ ಹಿಡಿಯದೆ ಹೋಗಬಹುದು. ವೇಗ ಬದಲಿಸುವ ಇನ್ವರ್ಟರ್ ಮೋಟರ್‌ಗಳು ಬಂದ ಮೇಲೆ ಹಲವು ಕಂಪನಾಂಕಗಳು ಬೆರೆತ ಸೋರಿಕೆಗಾಗಿ ಟೈಪ್ ಎಫ್, ನೇರ ಡಿಸಿಗಾಗಿ ಟೈಪ್ ಬಿ (ಮೇಲೆ ಹೇಳಿದ ಬಿ ವರ್ಗವೇ ಬೇರೆ, ಇದೇ ಬೇರೆ) ಐಇಸಿ 62423ರಲ್ಲಿ ಸೇರಿದವು. ಇಲ್ಲಿ ನಾನೊಂದು ತಪ್ಪು ಮಾಡಿದ್ದೆ: ಇನ್ವರ್ಟರ್ ಮೋಟರ್ ಇರುವ ವಾಷಿಂಗ್ ಮಷೀನಿನ ಸರ್ಕ್ಯೂಟಿಗೂ ಟೈಪ್ ಎ ಹಾಕಿಸಿದ್ದೆ. ಮೊದಲ ಎರಡು ತಿಂಗಳಲ್ಲಿ ಮಷೀನ್ ಬಟ್ಟೆ ಹಿಂಡುವಾಗ ಎರಡು ಬಾರಿ ಬ್ರೇಕರ್ ಬಿದ್ದಿತು. ಅದೇ ತಯಾರಕರ ಟೈಪ್ ಎಫ್ ಬ್ರೇಕರನ್ನು ಅಲ್ಲಿ ಹಾಕಿಸಿದ ಮೇಲೆ ಒಮ್ಮೆಯೂ ಬಿದ್ದಿಲ್ಲ.

ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್‌ನಲ್ಲಿ ಇದೇ ಪ್ರಶ್ನೆ ಇನ್ನೂ ತೀವ್ರವಾಗಿ ಎದ್ದಿತು. ಕಾರಿನಿಂದ ನಯವಾದ ಡಿಸಿ ಸೋರಿದರೆ ಟೈಪ್ ಎ ಬ್ರೇಕರ್‌ನ ಒಳಗೆ ಸೋರಿಕೆಯನ್ನು ಗುರುತಿಸುವ ಕಬ್ಬಿಣದ ಉಂಗುರವೇ ಮಂಕಾಗಿ, ನಿಜವಾದ ಅಪಾಯ ಬಂದಾಗಲೂ ಅದು ಸುಮ್ಮನಿರಬಹುದು. ಆದ್ದರಿಂದ ಐಇಸಿ 60364ರ ಚಾರ್ಜಿಂಗ್ ಕುರಿತ ಭಾಗ, ಟೈಪ್ ಬಿ ಇರಬೇಕು ಇಲ್ಲವೇ ಟೈಪ್ ಎ ಜೊತೆಗೆ 6 ಮಿಲಿಆಂಪಿಯರ್ ಡಿಸಿಯನ್ನು ಗುರುತಿಸಿ ಕಡಿತ ಮಾಡುವ ಏರ್ಪಾಡು ಇರಬೇಕು ಎಂದಿತು. ಆ ಏರ್ಪಾಡಿಗೆಂದೇ ಐಇಸಿ 62955 ಎಂಬ ಪ್ರತ್ಯೇಕ ಮಾನಕ 2018ರಲ್ಲಿ ಹೊರಬಂತು. ಕಾರು ಇರುವವರು ನಾನು ವಿಮರ್ಶಿಸುತ್ತಿರುವ ಈ ಬ್ರೇಕರನ್ನೇ ಚಾರ್ಜರ್‌ಗೂ ಹಾಕಿಸಿಬಿಡಬಾರದು. ಚಾರ್ಜರ್‌ನೊಳಗೆ ಆ 6 ಮಿಲಿಆಂಪಿಯರ್‌ನ ರಕ್ಷಣೆ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಸಂಹಿತೆ ಮುಂದೆ ಓಡಿ ವಸ್ತು ಹಿಂದೆ ಉಳಿದ ಉದಾಹರಣೆಗಳೂ ಇವೆ. ಸಡಿಲ ಸಂಪರ್ಕಗಳಲ್ಲಿ ಏಳುವ ಕಿಡಿಯನ್ನು ಗುರುತಿಸುವ ಎಎಫ್‌ಸಿಐ ಬ್ರೇಕರ್‌ಗಳನ್ನು ಅಮೆರಿಕದ ಸಂಹಿತೆಯ 1999ರ ಆವೃತ್ತಿ ಮಲಗುವ ಕೋಣೆಗಳಿಗೆ ಕಡ್ಡಾಯಗೊಳಿಸಿ, 2002ರ ಜನವರಿ 1ರಿಂದ ಜಾರಿಯಾಗಬೇಕೆಂದಿತು. ತಯಾರಕರಿಗೆ ಸಮಯ ಕೊಡಲೆಂದೇ ಆ ಅಂತರ. 2020ರ ಆವೃತ್ತಿ ಮನೆಯ ಹೊರಗಿನ ಉಪಕರಣಗಳಿಗೂ ಜಿಎಫ್‌ಸಿಐ ಬೇಕೆಂದಾಗ, ಇನ್ವರ್ಟರ್ ಇರುವ ಏರ್ ಕಂಡೀಷನರ್‌ಗಳ ಅಧಿಕ ಕಂಪನಾಂಕದ ಸೋರಿಕೆಗೆ ಬ್ರೇಕರ್‌ಗಳು ಬೀಳತೊಡಗಿದವು. ಕಡೆಗೆ 2023ರ ಆವೃತ್ತಿಯಲ್ಲಿ ಅಂಥ ಉಪಕರಣಗಳಿಗೆ 2026ರ ಸೆಪ್ಟೆಂಬರ್ 1ರವರೆಗೆ ವಿನಾಯಿತಿ ಕೊಡಬೇಕಾಯಿತು. ರಕ್ಷಣೆ ಕೇಳಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಏರ್ ಕಂಡೀಷನರ್‌ನ ಮಾನಕ ಮತ್ತು ಬ್ರೇಕರ್‌ನ ಮಾನಕ ಪರಸ್ಪರ ಮಾತಾಡಿಕೊಳ್ಳುವ ಮೊದಲೇ ಸಂಹಿತೆ ಅವೆರಡನ್ನೂ ಒಂದೇ ತಂತಿಗೆ ಕಟ್ಟಿದ್ದರ ಫಲವನ್ನು ಮನೆಯವರು ಬೇಸಿಗೆಯಲ್ಲಿ ಅನುಭವಿಸಿದರು.

ಈ ಬ್ರೇಕರ್‌ನ ದೊಡ್ಡ ಕೊರತೆ ಟೆಸ್ಟ್ ಬಟನ್ನಿನಲ್ಲಿದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ ನೋಡಬೇಕೆಂದು ಕೈಪಿಡಿ ಹೇಳುತ್ತದೆ. ಬಹುತೇಕ ಮನೆಗಳಲ್ಲಿ ಅದನ್ನು ಯಾರೂ ಒತ್ತುವುದಿಲ್ಲ. ಒಳಗಿನ ಯಾಂತ್ರಿಕ ಭಾಗಗಳು ವರ್ಷಗಟ್ಟಲೆ ಅಲುಗದೆ ಜಿಗುಟಾಗಿ, ಬೇಕಾದಾಗ ಬೀಳದೆ ಹೋಗಬಹುದು. ಯುಎಲ್ 943 ಮಾನಕ 2015ರಲ್ಲಿ, ಜಿಎಫ್‌ಸಿಐ ತನ್ನನ್ನು ತಾನೇ ಆಗಾಗ ಪರೀಕ್ಷಿಸಿಕೊಂಡು, ದೋಷ ಕಂಡರೆ ವಿದ್ಯುತ್ ಕೊಡುವುದನ್ನು ನಿಲ್ಲಿಸಬೇಕು ಅಥವಾ ಸೂಚನೆ ನೀಡಬೇಕು ಎಂದು ಕಡ್ಡಾಯಗೊಳಿಸಿತು. ಈ ಬ್ರೇಕರ್‌ನಲ್ಲಿ ಅಂಥ ಏರ್ಪಾಡಿಲ್ಲ, ಅದು ಪಾಲಿಸುವ ಮಾನಕ ಕೇಳಿಯೂ ಇಲ್ಲ. ಕೇಳದಿದ್ದರೂ ಕೊಡುವುದಕ್ಕೆ ತಯಾರಕರಿಗೆ ಯಾವ ತಡೆಯೂ ಇರಲಿಲ್ಲ. ಮನುಷ್ಯನ ನೆನಪನ್ನು ನಂಬಿ ಜೀವರಕ್ಷಣೆಯ ಸಾಧನವನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಟರ್ಮಿನಲ್‌ಗಳು ಗಟ್ಟಿಯಾಗಿವೆ, ಬೆರಳು ತಾಗದಂತೆ ಒಳಗೆ ಕೂತಿವೆ. ಸ್ಕ್ರೂವನ್ನು 2 ನ್ಯೂಟನ್ ಮೀಟರ್ ಬಲದಿಂದ ಬಿಗಿಯಬೇಕೆಂದು ಬದಿಯಲ್ಲಿ ಮುದ್ರಿಸಿದ್ದಾರೆ. ಮೊದಲ ಬಾರಿ ಎಲೆಕ್ಟ್ರಿಷಿಯನ್ ಕೈ ಅಂದಾಜಿನಲ್ಲೇ ಬಿಗಿದರು. ಮೂರನೆಯ ತಿಂಗಳಲ್ಲಿ ಒಂದು ಬ್ರೇಕರ್‌ನ ಕೆಳಭಾಗ ಮುಟ್ಟಿದರೆ ಬಿಸಿಯಾಗಿತ್ತು, ತೆಗೆದು ನೋಡಿದರೆ ಸ್ಕ್ರೂ ಸಡಿಲವಾಗಿತ್ತು. ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್‌ನಿಂದ ನಾಲ್ಕನ್ನೂ ಮತ್ತೆ ಬಿಗಿಸಿದ ಮೇಲೆ ಸರಿಯಾಯಿತು. ತಯಾರಕರು ಬಲ ಇಷ್ಟಿರಬೇಕೆಂದು ಸೂಚಿಸಿರುವಲ್ಲಿ ಅಳತೆಯ ಸಾಧನವನ್ನೇ ಬಳಸಬೇಕೆಂದು ಅಮೆರಿಕದ ಸಂಹಿತೆ 2017ರಲ್ಲಿ ಸ್ಪಷ್ಟವಾಗಿ ಬರೆಯಿತು. ಪರೀಕ್ಷಾಲಯದಲ್ಲಿ ಬ್ರೇಕರ್ ಗೆದ್ದದ್ದು ಆ ಬಲದಿಂದ ಬಿಗಿದಾಗ. ಬೇರೆ ಬಲದಿಂದ ಬಿಗಿದರೆ ಗೋಡೆಯ ಮೇಲಿರುವುದು ಪರೀಕ್ಷೆಯಾದ ವಸ್ತುವಲ್ಲ.

ಒಟ್ಟಿನಲ್ಲಿ ಸೋರಿಕೆ ಹಿಡಿಯುವ ಚುರುಕುತನ, ತಯಾರಿಕೆಯ ಗಟ್ಟಿತನ ಮತ್ತು ಗುರುತುಗಳ ಸ್ಪಷ್ಟತೆಯಲ್ಲಿ ಇದು ಉತ್ತಮ ಬ್ರೇಕರ್. ಕೈಪಿಡಿಯಲ್ಲಿ ದುರ್ಬಲ, ಸ್ವಯಂ ಪರೀಕ್ಷೆ ಇಲ್ಲದಿರುವುದರಲ್ಲಿ ಹಿಂದುಳಿದದ್ದು. ಕೊಳ್ಳುವ ಮೊದಲು ಪ್ರತಿ ಸರ್ಕ್ಯೂಟಿನಲ್ಲಿ ಏನೇನು ಓಡುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು, ಇನ್ವರ್ಟರ್ ಮೋಟರ್ ಇರುವೆಡೆಗೆ ಟೈಪ್ ಎಫ್, ಉಳಿದೆಡೆಗೆ ಟೈಪ್ ಎ ತರಿಸಿ. ಟೈಪ್ ಎಸಿ ಬೇಡ. ಅಳವಡಿಸುವವರ ಬಳಿ ಆರ್‌ಸಿಡಿ ಟೆಸ್ಟರ್ ಮತ್ತು ಟಾರ್ಕ್ ಸ್ಕ್ರೂಡ್ರೈವರ್ ಇವೆಯೇ ಎಂದು ಮೊದಲೇ ಕೇಳಿ. ನಮ್ಮ ಬೋರ್ಡಿನ ಬಾಗಿಲ ಒಳಬದಿಗೆ ನಾನು ಒಂದು ಚೀಟಿ ಅಂಟಿಸಿದ್ದೇನೆ; ಪ್ರತಿ ತಿಂಗಳ ಮೊದಲ ಭಾನುವಾರ ಟಿ ಬಟನ್ ಒತ್ತಿ ದಿನಾಂಕ ಬರೆಯುತ್ತೇನೆ. ಈವರೆಗೆ ಹತ್ತು ಸಾಲು ತುಂಬಿವೆ, ನಾಲ್ಕೂ ಪ್ರತಿ ಬಾರಿ ಬಿದ್ದಿವೆ.